ರೊಟ್ಟಿಯ ಪಕ್ಕದಲ್ಲಿ ಏನಿತ್ತು?

ಬೆಳಗಾವಿ ಜಿಲ್ಲೆಯ ಹಾರೂಗೇರಿ, ರಾಯಬಾಗ, ಅಥಣಿ ಸೀಮೆಯ ಊಟ ಎಂದೊಡನೆ ನಿಮಗೆ ಮೊದಲು ನೆನಪಾಗುವುದು ಜೋಳದ ರೊಟ್ಟಿ. ಆದರೆ ತಾಟನ್ನು ಪೂರ್ತಿಯಾಗಿ ನೋಡಿ. ರೊಟ್ಟಿಯ ಪಕ್ಕದಲ್ಲಿ ಹುರುಳಿ ಅಥವಾ ಮೊಳಕೆ ಬರಿಸಿದ ಮಡಕಿ ಕಾಳಿನ ಪಲ್ಯ, ಗುರೆಳ್ಳಿನ ಪುಡಿ ಅಥವಾ ಅಗಸಿ ಚಟ್ನಿ, ಶೇಂಗಾ ಹಿಂಡಿ, ಹಸಿಯಾಗಿಯೇ ತಿನ್ನುವ ಹಕ್ಕರಿಕಿ, ಮೆಂತ್ಯ, ಮೂಲಂಗಿ ಎಲೆ, ಉಳ್ಳಾಗಡ್ಡಿ ತಪ್ಪಲು, ಕೆಲವು ದಿನ ಪುಂಡಿ ಪಲ್ಯ, ಕೊನೆಗೆ ಮಜ್ಜಿಗೆ. ಇವುಗಳಲ್ಲಿ ಯಾವುದೂ ದುಬಾರಿ ಪದಾರ್ಥವಲ್ಲ. ಕೆಲವಕ್ಕಂತೂ ಬೆಲೆಯೇ ಇರಲಿಲ್ಲ. ಹೊಲಕ್ಕೆ ಹೋದವರು ಬರುವಾಗ ಉಡಿಯಲ್ಲಿ ಕಟ್ಟಿಕೊಂಡು ಬಂದರಾಯಿತು.

ಜೋಳಕ್ಕೆ ಈಚೆಗೆ ಒಳ್ಳೆಯ ಕಾಲ ಬಂದಿದೆ. ವಿಶ್ವಸಂಸ್ಥೆ 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬೆಂಗಳೂರಿನ ಅಂಗಡಿಗಳಲ್ಲಿಯೂ ಕಟಿ ರೊಟ್ಟಿಯ ಪೊಟ್ಟಣಗಳು ಸಿಗುತ್ತವೆ. ಆದರೆ ರೊಟ್ಟಿಯ ಪಕ್ಕದಲ್ಲಿದ್ದ ಪದಾರ್ಥಗಳ ಬಗ್ಗೆ ಅಷ್ಟಾಗಿ ಮಾತು ಕೇಳಿಬರುವುದಿಲ್ಲ. ಈ ಲೇಖನ ಅವುಗಳ ಬಗ್ಗೆ. ಧಾನ್ಯವೊಂದೇ ಸಾಲದು, ಜೊತೆಗೆ ಸ್ವಲ್ಪ ಕಾಳು, ಸ್ವಲ್ಪ ಎಣ್ಣೆಬೀಜ, ಸ್ವಲ್ಪ ಸೊಪ್ಪು ಬೇಕು ಎಂಬುದು ಈ ಸೀಮೆಯ ಮನೆಗಳಲ್ಲಿ ಯಾರೂ ಚರ್ಚಿಸದ ಸಾಮಾನ್ಯ ಸಂಗತಿ. ಅದನ್ನು ವಿಜ್ಞಾನ ರುಜುವಾತು ಮಾಡಲು ಸುಮಾರು ನೂರು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಅನೇಕರು ಅದಕ್ಕೆ ಪ್ರಾಣದ ಬೆಲೆಯನ್ನೇ ತೆತ್ತರು.

ಹುರುಳಿ ಹಳೆಯದು, ಜೋಳ ಹೊಸದು

ಜೋಳ ನಮ್ಮ ನೆಲದ ಮೂಲ ಬೆಳೆಯಲ್ಲ. ಅದನ್ನು ಮೊದಲು ಪಳಗಿಸಿದವರು ಆಫ್ರಿಕದ ಜನ. ಇಂದಿನ ಸುಡಾನ್ ದೇಶದ ಪೂರ್ವಭಾಗದಲ್ಲಿ ಸುಮಾರು 5,000 ವರ್ಷಗಳ ಹಿಂದಿನ ಮಡಕೆ ಚೂರುಗಳಲ್ಲಿ ಜೋಳದ ಕಾಳಿನ ಅಚ್ಚುಗಳು ಸಿಕ್ಕಿವೆ. ಅಲ್ಲಿಂದ ಅದು ಸಮುದ್ರ ದಾಟಿ ಭಾರತಕ್ಕೆ ಬಂತು.

ಕರ್ನಾಟಕದ ನೆಲದಲ್ಲಿ ಅದಕ್ಕೂ ಮೊದಲು ಏನು ಬೆಳೆಯುತ್ತಿದ್ದರು? ಬಳ್ಳಾರಿ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ್ದಾರೆ. ಸುಮಾರು 4,000 ವರ್ಷಗಳ ಹಿಂದೆ ಅಲ್ಲಿಯ ಮುಖ್ಯ ಆಹಾರ ಎರಡು ಸಣ್ಣ ಧಾನ್ಯಗಳು ಮತ್ತು ಎರಡು ಕಾಳುಗಳು. ಸಣ್ಣ ಧಾನ್ಯಗಳಲ್ಲಿ ಒಂದು ಇಂದಿನ ಕೊರಲೆ. ಕಾಳುಗಳೆಂದರೆ ಹುರುಳಿ ಮತ್ತು ಹೆಸರು. ಹೀಗೆ ನಾವು ದನಕ್ಕೆ ಇಡುವ ಕಾಳು ಎಂದು ಬದಿಗೆ ಸರಿಸುವ ಹುರುಳಿ, ಈ ನೆಲದಲ್ಲಿ ಜೋಳಕ್ಕಿಂತಲೂ ಹಿರಿಯದು. ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅಂದಿನ ಊಟದಲ್ಲಿಯೂ ಧಾನ್ಯ ಒಂಟಿಯಾಗಿರಲಿಲ್ಲ, ಕಾಳು ಜೊತೆಯಲ್ಲಿತ್ತು.

ತಾಟಿನ ಉಳಿದ ಪದಾರ್ಥಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಡೆಯಿಂದ ಬಂದವು. ಗುರೆಳ್ಳು ಇಥಿಯೋಪಿಯದ್ದು, ಅಗಸೆ ಪಶ್ಚಿಮ ಏಷ್ಯದ್ದು. ಶೇಂಗಾ ಮತ್ತು ಮೆಣಸಿನಕಾಯಿ ಅಮೆರಿಕ ಖಂಡದವು. ಯುರೋಪಿನ ಹಡಗುಗಳು ಓಡಾಡತೊಡಗಿದ ಮೇಲೆ ಬಂದವು. ಆದ್ದರಿಂದ ಈ ಊಟ ಒಂದೇ ದಿನ ಯಾರೋ ಯೋಜಿಸಿ ಮಾಡಿದ್ದಲ್ಲ. ಬಂದ ಪದಾರ್ಥಗಳನ್ನು ತಲೆಮಾರುಗಳು ತಿಂದು ನೋಡಿ, ಒಗ್ಗಿದ್ದನ್ನು ಉಳಿಸಿಕೊಂಡವು.

ಭೌತವಿಜ್ಞಾನಿಯ ಸೂಪು

ಅಗ್ಗದ, ಆದರೆ ಹೊಟ್ಟೆ ತುಂಬಿಸಿ ಶಕ್ತಿ ಕೊಡುವ ಅಡುಗೆಯನ್ನು ಅಳತೆ, ತೂಕ, ಲೆಕ್ಕಗಳ ವಿಷಯವನ್ನಾಗಿ ಮಾಡಿಕೊಂಡ ಮೊದಲಿಗರಲ್ಲಿ ಒಬ್ಬ ಭೌತವಿಜ್ಞಾನಿ. ಫಿರಂಗಿಯ ನಳಿಗೆ ಕೊರೆಯುವಾಗ ಹುಟ್ಟುವ ಉಷ್ಣವನ್ನು ಅಳೆದು, ಉಷ್ಣವೆಂಬುದು ಒಂದು ದ್ರವ್ಯವಲ್ಲ, ಚಲನೆಯ ರೂಪ ಎಂದು 1798ರಲ್ಲಿ ವಾದಿಸಿದ ಕೌಂಟ್ ರಮ್‌ಫರ್ಡ್‌ನ ಹೆಸರನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಆತನ ಮೂಲ ಹೆಸರು ಬೆಂಜಮಿನ್ ಥಾಂಪ್ಸನ್, ಹುಟ್ಟಿದ್ದು 1753ರಲ್ಲಿ, ಅಮೆರಿಕದಲ್ಲಿ.

ಬವೇರಿಯ ರಾಜ್ಯದ ಸೇವೆಯಲ್ಲಿದ್ದಾಗ, 1790ರಲ್ಲಿ, ಮ್ಯೂನಿಕ್ ನಗರದ ಭಿಕ್ಷುಕರಿಗೆ ಕೆಲಸ ಮತ್ತು ಊಟ ಕೊಡುವ ಹೊಣೆಯನ್ನು ಆತ ಹೊತ್ತ. ಅತಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರಿಗೆ ಉಣಬಡಿಸುವುದು ಹೇಗೆಂದು ಹಲವು ಮಿಶ್ರಣಗಳನ್ನು ಪ್ರಯೋಗಿಸಿದ. ಕೊನೆಗೆ ನಿಂತದ್ದು ಬಾರ್ಲಿ, ಒಣ ಬಟಾಣಿ, ಆಲೂಗಡ್ಡೆಗಳನ್ನು ಬಹಳ ಹೊತ್ತು ನಿಧಾನವಾಗಿ ಬೇಯಿಸಿ, ಉಪ್ಪು, ಹುಳಿ ಸೇರಿಸಿ, ಒಣ ಬ್ರೆಡ್ ತುಂಡಿನೊಂದಿಗೆ ಕೊಡುವ ಸೂಪು. ಮುಂದೆ ಯುರೋಪಿನ ಹಲವು ನಗರಗಳಲ್ಲಿ ರಮ್‌ಫರ್ಡ್ ಸೂಪು ಬಡವರ ಗಂಜಿಯಾಯಿತು.

ಆತನ ವಿವರಣೆ ಮಾತ್ರ ತಪ್ಪಾಗಿತ್ತು. ಬಾರ್ಲಿಯೊಂದಿಗೆ ಬಹಳ ಹೊತ್ತು ಬೇಯುವಾಗ ನೀರೇ ಆಹಾರವಾಗಿ ಮಾರ್ಪಡುತ್ತದೆ ಎಂದು ಆತ ನಂಬಿದ್ದ. ನೀರಿನಲ್ಲಿ ಪೌಷ್ಟಿಕಾಂಶವಿಲ್ಲ ಎಂದು ಇಂದು ನಮಗೆ ಗೊತ್ತು. ಆದರೆ ಬಾರ್ಲಿಯ ಜೊತೆಗೆ ಬಟಾಣಿ ಇದ್ದದ್ದರಿಂದ, ಅಂದರೆ ಧಾನ್ಯದ ಜೊತೆಗೆ ಕಾಳು ಇದ್ದದ್ದರಿಂದ, ಸಿದ್ಧಾಂತ ತಪ್ಪಾದರೂ ಸೂಪು ಸರಿಯಾಗಿತ್ತು. ಎಂಬತ್ತು ವರ್ಷಗಳ ನಂತರ ನಮ್ಮ ದೇಶದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಅಲ್ಲಿ ಕಾಳನ್ನೇ ಲೆಕ್ಕದಿಂದ ಬಿಟ್ಟರು.

ಒಂದು ಪೌಂಡು ಧಾನ್ಯ

1876ರಲ್ಲಿ ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. 1876ರಿಂದ 1878ರವರೆಗೆ ಮದ್ರಾಸ್, ಬಾಂಬೆ ಪ್ರಾಂತಗಳು, ಮೈಸೂರು, ಹೈದರಾಬಾದ್ ಸಂಸ್ಥಾನಗಳು ಭೀಕರ ಬರಕ್ಕೆ ತುತ್ತಾದವು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿಯೇ ಸತ್ತವರ ಸಂಖ್ಯೆ ಸುಮಾರು 55 ಲಕ್ಷ ಎಂದು ಸಾಮಾನ್ಯವಾಗಿ ಅಂದಾಜಿಸುತ್ತಾರೆ. ನಾವು ಹೇಳುತ್ತಿರುವ ಸೀಮೆ ಆಗ ಒಂದೇ ಆಡಳಿತದಲ್ಲಿರಲಿಲ್ಲ. ಅಥಣಿ ಬಾಂಬೆ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿತ್ತು, ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಬರಕ್ಕೆ ಆ ಗಡಿ ತಿಳಿಯಲಿಲ್ಲ. ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳ ಬಯಲು ಸೀಮೆಯೆಲ್ಲ ಸೊರಗಿತು.

ಪರಿಹಾರ ಕಾಮಗಾರಿಗಳ ಮೇಲ್ವಿಚಾರಣೆಗೆ ಬಂದವನು ಸರ್ ರಿಚರ್ಡ್ ಟೆಂಪಲ್. 1873–74ರ ಬಿಹಾರದ ಅಭಾವದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಆತ ಜನರನ್ನು ಉಳಿಸಿದ್ದ. ಅತಿಯಾಗಿ ಖರ್ಚು ಮಾಡಿದನೆಂಬ ಟೀಕೆಗೂ ಒಳಗಾಗಿದ್ದ. ಈ ಬಾರಿ ಖರ್ಚು ಇಳಿಸಲು ನಿಶ್ಚಯಿಸಿದ. 1877ರ ಆರಂಭದಲ್ಲಿ ಆತ ಗೊತ್ತುಮಾಡಿದ ಕೂಲಿ ಹೀಗಿತ್ತು: ದಿನವಿಡೀ ಕಲ್ಲು, ಮಣ್ಣಿನ ಕೆಲಸ ಮಾಡುವ ಗಂಡಾಳಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ. ಹೆಂಗಸರಿಗೆ, ದುಡಿಯುವ ಮಕ್ಕಳಿಗೆ ಅದಕ್ಕಿಂತ ಕಡಿಮೆ. ಚರಿತ್ರೆಯಲ್ಲಿ ಇದಕ್ಕೆ ಟೆಂಪಲ್ ಕೂಲಿ ಎಂದೇ ಹೆಸರು.

ಇದನ್ನು ಬಲವಾಗಿ ವಿರೋಧಿಸಿದವರಲ್ಲಿ ಮುಖ್ಯನಾದವನು ಮದ್ರಾಸ್ ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ವೈದ್ಯ ಡಾ. ವಿಲಿಯಂ ಕಾರ್ನಿಷ್. ದುಡಿಯುವ ಮನುಷ್ಯನಿಗೆ ಕನಿಷ್ಠ ಒಂದೂವರೆ ಪೌಂಡು (680 ಗ್ರಾಂ) ಧಾನ್ಯ ಬೇಕು, ಅದರ ಮೇಲೆ ತರಕಾರಿ ಮತ್ತು ಬೇಳೆಯೂ ಬೇಕು ಎಂದು ಆತ ವಾದಿಸಿದ. ಬಾಂಬೆ ಪ್ರಾಂತದಲ್ಲಿ ಪರಿಹಾರ ಕಾಮಗಾರಿಯ ಕೂಲಿಕಾರರೇ ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. 1877ರ ಮಾರ್ಚ್‌ನಲ್ಲಿ ಮದ್ರಾಸ್ ಸರಕಾರ ಅರ್ಧದಾರಿಗೆ ಬಂತು. ಧಾನ್ಯವನ್ನು 570 ಗ್ರಾಂಗೆ ಏರಿಸಿ, ಜೊತೆಗೆ 43 ಗ್ರಾಂ ಬೇಳೆಯನ್ನು ಸೇರಿಸಿತು.

ಲೆಕ್ಕ ಮಾಡಿ ನೋಡೋಣ

ಟೆಂಪಲ್ ಮತ್ತು ಕಾರ್ನಿಷ್ ನಡುವಿನ ವಾದವನ್ನು ಅಂದು ನಿರ್ಣಯಿಸಲು ಸಾಧನಗಳಿರಲಿಲ್ಲ. ಆಹಾರದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುವ ಕ್ರಮ ಇನ್ನೂ ರೂಢಿಗೆ ಬಂದಿರಲಿಲ್ಲ. ಅಮೆರಿಕದ ವಿಲ್ಬರ್ ಆಟ್‌ವಾಟರ್ ಮನುಷ್ಯನನ್ನೇ ಒಳಗಿರಿಸಿ ಅಳೆಯುವ ಕೋಣೆಯಂಥ ಕ್ಯಾಲೊರಿಮಾಪಕ ಕಟ್ಟಿದ್ದು 1890ರ ದಶಕದಲ್ಲಿ. ಇಂದು ನಾವು ಆ ಲೆಕ್ಕವನ್ನು ಕಾಗದದ ಮೇಲೆ ಮಾಡಬಹುದು. ಪರಿಹಾರವಾಗಿ ಕೊಟ್ಟ ಧಾನ್ಯ ಜೋಳವೇ ಎಂದು ಭಾವಿಸೋಣ.

ನೂರು ಗ್ರಾಂ ಜೋಳದಿಂದ ಸುಮಾರು 335 ಕಿಲೊಕ್ಯಾಲೊರಿ ಶಕ್ತಿ, ಸುಮಾರು 10 ಗ್ರಾಂ ಪ್ರೋಟೀನು ಸಿಗುತ್ತದೆ. ಒಂದು ಪೌಂಡು ಜೋಳ ಕೊಡುವುದು ಸುಮಾರು 1,500 ಕಿಲೊಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ಕಠಿಣ ದುಡಿಮೆಯ ಗಂಡಾಳಿಗೆ ದಿನಕ್ಕೆ ಬೇಕಾದದ್ದು 3,470 ಕಿಲೊಕ್ಯಾಲೊರಿ. ಅಂದರೆ ಧಾನ್ಯದಿಂದ ಸಿಕ್ಕದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ಬರಗಾಲದ ಬೆಲೆಯಲ್ಲಿ ಒಂದು ಆಣೆಗೆ ಕೊಳ್ಳಬೇಕಿತ್ತು.

ಇನ್ನು ಪ್ರೋಟೀನಿನ ಗುಣಮಟ್ಟವನ್ನು ನೋಡಿ. ಪ್ರೋಟೀನುಗಳು ಅಮೈನೊ ಆಮ್ಲಗಳಿಂದ ಆದವು. ಅವುಗಳಲ್ಲಿ ಕೆಲವನ್ನು ನಮ್ಮ ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು. ಅಂಥದೊಂದು ಲೈಸಿನ್. 55 ಕಿಲೊಗ್ರಾಂ ತೂಕದ ವಯಸ್ಕರಿಗೆ ದಿನಕ್ಕೆ ಸುಮಾರು 1.65 ಗ್ರಾಂ ಲೈಸಿನ್ ಬೇಕು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಶೇಕಡಾ 2ರಷ್ಟು ಮಾತ್ರ. ಒಂದು ಪೌಂಡು ಜೋಳದಲ್ಲಿ 45 ಗ್ರಾಂ ಪ್ರೋಟೀನು, ಅದರಲ್ಲಿ 0.9 ಗ್ರಾಂ ಲೈಸಿನ್. ಕಾರ್ನಿಷ್ ಕೇಳಿದ ಒಂದೂವರೆ ಪೌಂಡು ಧಾನ್ಯವನ್ನಷ್ಟೇ ಕೊಟ್ಟಿದ್ದರೂ ಸಿಗುತ್ತಿದ್ದುದು 1.4 ಗ್ರಾಂಗಿಂತ ಕಡಿಮೆ.

ಈಗ 43 ಗ್ರಾಂ ಬೇಳೆಯ ಪಾತ್ರ ನೋಡಿ. ಬೇಳೆಕಾಳಿನಲ್ಲಿ ಪ್ರೋಟೀನು ಶೇಕಡಾ 22ರಷ್ಟು; ಅದರಲ್ಲಿ ಲೈಸಿನ್ ಶೇಕಡಾ 7ರ ಆಸುಪಾಸು. ಹಾಗಾದರೆ ಈ ಒಂದು ಹಿಡಿ ಬೇಳೆಯಿಂದ ಸುಮಾರು 0.65 ಗ್ರಾಂ ಲೈಸಿನ್. ಅಷ್ಟನ್ನು ಜೋಳದಿಂದಲೇ ಪಡೆಯಬೇಕಾದರೆ 325 ಗ್ರಾಂ ಜೋಳ ಬೇಕು. 570 ಗ್ರಾಂ ಧಾನ್ಯ, 43 ಗ್ರಾಂ ಬೇಳೆ ಕೂಡಿದರೆ ಒಟ್ಟು ಸುಮಾರು 1.8 ಗ್ರಾಂ. ಜೀರ್ಣವಾಗದೆ ಹೋಗುವ ಭಾಗವನ್ನು ಕಳೆದರೂ ಅವಶ್ಯಕತೆಯ ಹತ್ತಿರಕ್ಕೆ ಬರುತ್ತದೆ. ಶಕ್ತಿಯ ಕೊರತೆಯನ್ನು ಈ ಬೇಳೆ ನೀಗಿಸಲಿಲ್ಲ, ನಿಜ. ಆದರೆ ಧಾನ್ಯದ ಪಕ್ಕದಲ್ಲಿ ಇಟ್ಟ ಒಂದು ಹಿಡಿ ಕಾಳು ಏನು ಮಾಡಬಲ್ಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಇಲಿಗಳು ಹೇಳಿದ ಉತ್ತರ

ಕಾರ್ನಿಷ್‌ನ ಬೇಳೆಗೆ ವಿಜ್ಞಾನದ ಆಧಾರ ಸಿಕ್ಕಿದ್ದು 1914ರಲ್ಲಿ. ಅಮೆರಿಕದ ಆಸ್‌ಬಾರ್ನ್ ಮತ್ತು ಮೆಂಡೆಲ್ ಇಲಿಗಳಿಗೆ ಗೋಧಿಯ ಒಂದು ಪ್ರೋಟೀನನ್ನು ಮಾತ್ರ ಕೊಟ್ಟು ಸಾಕಿದರು. ಇಲಿಗಳು ಬದುಕಿದವು, ಆದರೆ ಬೆಳೆಯಲಿಲ್ಲ. ಲೈಸಿನ್ ಸೇರಿಸಿದಾಗ ಬೆಳವಣಿಗೆ ಮತ್ತೆ ಶುರುವಾಯಿತು. ಪ್ರೋಟೀನು ಎಷ್ಟಿದೆ ಎಂಬುದರ ಜೊತೆಗೆ ಎಂಥದ್ದು ಎಂಬುದೂ ಮುಖ್ಯ ಎಂದು ಇದರಿಂದ ಸ್ಥಿರಪಟ್ಟಿತು. ಇದಕ್ಕೆ ಎರಡು ವರ್ಷ ಮೊದಲು ಕ್ಯಾಸಿಮಿರ್ ಫಂಕ್ ವಿಟಮಿನ್ ಎಂಬ ಪದವನ್ನು ಬಳಕೆಗೆ ತಂದಿದ್ದ.

ನಮ್ಮ ದೇಶದಲ್ಲಿ ಈ ಕೆಲಸ ಆರಂಭವಾದದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಲ್ಲಿ ಭಾರತದ ಬೇರೆ ಬೇರೆ ಪ್ರದೇಶಗಳ ಊಟವನ್ನು ಇಲಿಗಳಿಗೆ ಉಣಿಸಿ ಹೋಲಿಸಿದ. ಇಡೀ ಗೋಧಿಯ ರೊಟ್ಟಿ, ಬೇಳೆ, ಹಾಲು, ಬೆಣ್ಣೆ, ಹಸಿ ತರಕಾರಿಗಳಿದ್ದ ಪಂಜಾಬಿನ ಊಟ ತಿಂದ ಇಲಿಗಳು ದಷ್ಟಪುಷ್ಟವಾದವು. ಪಾಲಿಷ್ ಮಾಡಿದ ಅಕ್ಕಿಯೇ ಪ್ರಧಾನವಾಗಿದ್ದ ಊಟ ತಿಂದವು ಸೊರಗಿದವು. ಇದನ್ನು ಗೋಧಿಯ ಗೆಲುವು, ಅಕ್ಕಿಯ ಸೋಲು ಎಂದು ಅನೇಕರು ಓದಿಕೊಂಡರು. ಆದರೆ ಮೊದಲ ಪಟ್ಟಿಯನ್ನು ಮತ್ತೊಮ್ಮೆ ನೋಡಿ: ಅಲ್ಲಿ ರೊಟ್ಟಿಯ ಪಕ್ಕದಲ್ಲಿ ನಾಲ್ಕು ಪದಾರ್ಥಗಳಿವೆ.

1935ರಲ್ಲಿ ಕೂನೂರಿನ ಪ್ರಯೋಗಾಲಯದ ನಿರ್ದೇಶಕನಾಗಿ ಬಂದ ಡಬ್ಲ್ಯು.ಆರ್. ಅಯ್ಕ್ರಾಯ್ಡ್ ಭಾರತೀಯ ಆಹಾರ ಪದಾರ್ಥಗಳ ಪೌಷ್ಟಿಕಾಂಶಗಳ ಕೋಷ್ಟಕವನ್ನು 1937ರಲ್ಲಿ ಪುಸ್ತಿಕೆಯಾಗಿ ಹೊರತಂದ. ಹುರುಳಿ, ಸೊಪ್ಪುಗಳಂಥ ಅಗ್ಗದ ವಸ್ತುಗಳಿಗೂ ಅಂಕಿಗಳು ಬಂದವು. ಇದೇ ಅಯ್ಕ್ರಾಯ್ಡ್ ಮುಂದೆ 1943ರ ಬಂಗಾಳದ ಬರವನ್ನು ವಿಚಾರಣೆ ಮಾಡಿದ ಆಯೋಗದ ಸದಸ್ಯನಾಗಿದ್ದ. ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಪಡೆಯಿತು.

ಜೋಳ ಉಂಡವರ ಕಾಯಿಲೆ

ಹೈದರಾಬಾದಿಗೆ ಬಂದ ಸ್ವಲ್ಪ ಕಾಲದಲ್ಲೇ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಒಂದು ವಿಚಿತ್ರ ಸಂಗತಿಯನ್ನು ಗಮನಿಸಿದರು. ಜೋಳವನ್ನೇ ಪ್ರಧಾನವಾಗಿ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಬಿಸಿಲಿಗೆ ತೆರೆದ ಕುತ್ತಿಗೆ, ಕೈಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮುಂದೆ ಮನಸ್ಸಿನ ಅಸ್ವಸ್ಥತೆ ಇದರ ಲಕ್ಷಣಗಳು.

ಪೆಲಾಗ್ರ ಅದುವರೆಗೆ ಮೆಕ್ಕೆಜೋಳ ತಿನ್ನುವವರ ಕಾಯಿಲೆಯೆಂದು ಪ್ರಸಿದ್ಧವಾಗಿತ್ತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ಸೋಂಕೆಂದು ಹಲವರು ನಂಬಿದ್ದಾಗ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ಅನಾಥಾಲಯಗಳ ಮಕ್ಕಳ ಊಟಕ್ಕೆ ಹಾಲು, ಮೊಟ್ಟೆ, ಬೀನ್ಸ್ ಮತ್ತು ಬಟಾಣಿ ಕಾಳುಗಳನ್ನು ಸೇರಿಸಿ ಕಾಯಿಲೆಯನ್ನು ತಡೆದು ತೋರಿಸಿದ್ದ. 1937ರಲ್ಲಿ ಕಾನ್ರಾಡ್ ಎಲ್ವೆಯೆಮ್, ಕೊರತೆಯಾಗಿದ್ದ ವಸ್ತು ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಎಂದು ಗುರುತಿಸಿದ. ದೇಹ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದಲೂ ನಯಾಸಿನನ್ನು ತಯಾರಿಸಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ಅದೂ ಕಡಿಮೆ. ಆದರೆ ಜೋಳದಲ್ಲಿ ಟ್ರಿಪ್ಟೊಫಾನ್ ಅಷ್ಟು ಕಡಿಮೆಯಿಲ್ಲ. ಹಾಗಿದ್ದರೂ ಕಾಯಿಲೆ ಏಕೆ? ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಅತಿಯಾಗಿದ್ದು, ಅದು ನಯಾಸಿನ್ ತಯಾರಿಕೆಗೆ ಅಡ್ಡಿ ಮಾಡುತ್ತದೆ ಎಂದು ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸೂಚಿಸಿದರು. ಈ ವಿವರಣೆಯನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಆದರೆ ಕಾಯಿಲೆ ಯಾರಿಗೆ ಬರುತ್ತಿತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ: ಜೋಳ ಉಂಡವರಿಗೆಲ್ಲ ಬರಲಿಲ್ಲ, ಜೋಳದ ಜೊತೆಗೆ ಬೇರೇನನ್ನೂ ಉಣ್ಣಲು ಗತಿಯಿಲ್ಲದವರಿಗೆ ಬಂತು.

ಇಲ್ಲಿ ಶೇಂಗಾ ಹಿಂಡಿಯನ್ನು ನೆನೆಯಬೇಕು. ನೂರು ಗ್ರಾಂ ಜೋಳದಲ್ಲಿ ನಯಾಸಿನ್ 2ರಿಂದ 3 ಮಿಲಿಗ್ರಾಂ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ. ದಿನಕ್ಕೆ 25 ಗ್ರಾಂ ಶೇಂಗಾ ಹಿಂಡಿ ತಿಂದರೂ ಸುಮಾರು 3 ಮಿಲಿಗ್ರಾಂ ಸಿಗುತ್ತದೆ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡವರಿಗೆ ನಯಾಸಿನ್ ಎಂಬ ಹೆಸರು ಗೊತ್ತಿರಲಿಲ್ಲ, ರುಚಿ ಗೊತ್ತಿತ್ತು.

ಉಳಿದವುಗಳ ಕೆಲಸ

ಅಗಸೆಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಣ್ಣೆ. ಆ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಒಮೆಗಾ-3 ಗುಂಪಿನ ಆಲ್ಫಾ ಲಿನೊಲೆನಿಕ್ ಆಮ್ಲ. ಇದು ಮೀನಿನ ಎಣ್ಣೆಗೆ ಪೂರ್ತಿ ಬದಲಿ ಅಲ್ಲ. ಆದರೆ ಮೀನು ತಿನ್ನದವರಿಗೆ ಇಷ್ಟು ಅಗ್ಗದ ಮೂಲ ಬೇರೆಯಿಲ್ಲ. ಹುರಿದು ಪುಡಿ ಮಾಡಿದರೆ ಮಾತ್ರ ಪ್ರಯೋಜನ. ಇಡೀ ಬೀಜದ ಸಿಪ್ಪೆ ಗಟ್ಟಿ. ಅಗಿಯದೆ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ. ಗುರೆಳ್ಳಿನಲ್ಲಿ ಎಣ್ಣೆಯ ಜೊತೆಗೆ ಪ್ರೋಟೀನು, ಸುಣ್ಣ, ಕಬ್ಬಿಣಗಳಿವೆ.

ಹಸಿ ತಪ್ಪಲಿನ ಕೆಲಸ ಬೇರೆ. ಧಾನ್ಯ, ಕಾಳುಗಳಲ್ಲಿರುವ ಕಬ್ಬಿಣವನ್ನು ಫೈಟೇಟ್ ಎಂಬ ಸಂಯುಕ್ತ ಹಿಡಿದಿಟ್ಟುಕೊಳ್ಳುವುದರಿಂದ ನಮ್ಮ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳಲಾರದು. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ಆದರೆ ವಿಟಮಿನ್ ಸಿ ಬೇಯಿಸಿದರೆ ಬಹುಪಾಲು ನಾಶವಾಗುತ್ತದೆ. ಹಕ್ಕರಿಕಿ, ಮೂಲಂಗಿ ಎಲೆ, ಮೆಂತ್ಯಗಳನ್ನು ಹಸಿಯಾಗಿ ತಿನ್ನುವ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಡಕಿಯನ್ನು ನೆನೆಸಿ ಮೊಳಕೆ ಬರಿಸಿದಾಗ ಫೈಟೇಟ್ ಕಡಿಮೆಯಾಗಿ, ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ.

ಹೊಲವೇ ತಾಟು

ಈ ಪದಾರ್ಥಗಳೆಲ್ಲ ಒಟ್ಟಿಗೆ ಬಂದದ್ದು ಹೇಗೆ? ಉತ್ತರ ಹೊಲದಲ್ಲಿದೆ. ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವಾಗ ಕೆಲವು ಸಾಲುಗಳಲ್ಲಿ ಕಡಲೆ, ಕುಸುಬಿ, ಅಗಸೆಗಳನ್ನು ಅಕ್ಕಡಿಯಾಗಿ ಹಾಕುತ್ತಿದ್ದರು. ಮುಂಗಾರಿಯಲ್ಲಿ ಮಡಕಿ, ಹೆಸರು, ಹುರುಳಿ, ಗುರೆಳ್ಳು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂಬುದು ಉದ್ದೇಶ. ಕಾಳಿನ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯ ಗಾಳಿಯ ನೈಟ್ರೋಜನ್ನನ್ನು ನೆಲಕ್ಕೆ ಸೇರಿಸುತ್ತಿತ್ತು. ಸಾಲುಗಳ ನಡುವೆ ಬಿತ್ತದೆ ಬೆಳೆದ ಹಲವು ಗಿಡಗಳು ಪಲ್ಯವಾಗುತ್ತಿದ್ದವು. ಹೊಲದ ಅಕ್ಕಡಿ ಸಾಲುಗಳೇ ತಾಟಿನಲ್ಲಿ ರೊಟ್ಟಿಯ ಪಕ್ಕಕ್ಕೆ ಬಂದವು ಎನ್ನಬಹುದು.

ಇಂಥ ಗಿಡಗಳ ಬಗ್ಗೆ ದಾಖಲೆಯೂ ಉಂಟು. ಬಾಂಬೆ ಪ್ರಾಂತದಲ್ಲಿ ಅಭಾವದ ಕಾಲದಲ್ಲಿ ಜನ ತಿನ್ನುವ ಸಸ್ಯಗಳ ಪಟ್ಟಿಯನ್ನು ಸಸ್ಯವಿಜ್ಞಾನಿ ಜಿ.ಎ. ಗ್ಯಾಮಿ 1902ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಮೂಲಕ ಪ್ರಕಟಿಸಿದ. ಉಪಯುಕ್ತ ಕೆಲಸ. ಆದರೆ ಬರಗಾಲದ ಆಹಾರ ಎಂಬ ಹಣೆಪಟ್ಟಿಗೆ ಒಂದು ದೋಷವಿದೆ. ಬರದಲ್ಲಿ ತಿನ್ನುವಂಥದ್ದು ಎಂದಮೇಲೆ, ಕೈಯಲ್ಲಿ ನಾಲ್ಕು ಕಾಸು ಬಂದಾಗ ಅದನ್ನು ಬಿಡಬೇಕು ಎಂಬ ಭಾವನೆ ಬರುತ್ತದೆ. ಹುರುಳಿ, ಗುರೆಳ್ಳು, ಹಕ್ಕರಿಕಿಗಳಿಗೆ ಬಡತನದ ಗುರುತು ಅಂಟಿಕೊಂಡದ್ದು ಹೀಗೆ.

ಕೃಷ್ಣಾ ನದಿಯ ಏತ ನೀರಾವರಿ, ಘಟಪ್ರಭಾ ಕಾಲುವೆಗಳು ಬಂದ ಮೇಲೆ ಹಾರೂಗೇರಿಯ ಸುತ್ತಿನ ಹೊಲಗಳ ಚಿತ್ರ ಬದಲಾಯಿತು. ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ನಂತರ ಹಲವು ಕಾರ್ಖಾನೆಗಳು ಬಂದವು. ಕಬ್ಬು, ಅರಿಸಿನ, ಮೆಕ್ಕೆಜೋಳಗಳು ಊರಿಗೆ ಹಣ ತಂದವು. ಮನೆ ಕಟ್ಟಿಸಿದವು, ಮಕ್ಕಳನ್ನು ಓದಿಸಿದವು. ಅದನ್ನು ಹಳಿಯುವುದು ಸರಿಯಲ್ಲ. ಆದರೆ ವರ್ಷವಿಡೀ ನೆಲದಲ್ಲಿ ನಿಲ್ಲುವ ಕಬ್ಬಿನಲ್ಲಿ ಅಗಸೆ, ಗುರೆಳ್ಳುಗಳ ಸಾಲಿಗೆ ಜಾಗವಿಲ್ಲ. ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಕಳೆನಾಶಕ ಸಿಂಪಡಿಸಿದಾಗ ತಿನ್ನುವ ಸೊಪ್ಪೂ ಸಾಯುತ್ತದೆ. ರೊಟ್ಟಿ ಉಳಿಯಿತು, ಏಕೆಂದರೆ ಜೋಳವನ್ನು ಸಂತೆಯಿಂದ ತರಬಹುದು. ಪಕ್ಕದ್ದು ಸದ್ದಿಲ್ಲದೆ ಕಡಿಮೆಯಾಯಿತು.

ಪರಿಣಾಮ ಏನೆಂಬುದನ್ನು ಅಂಕಿಗಳಲ್ಲಿ ನೋಡಬಹುದು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಮನೆಗೆ ಧಾನ್ಯ ಮುಟ್ಟಿಸಿತು. 1877ರಂಥ ಹಸಿವು ಇಂದು ಇಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆ ಇತ್ತು. ಎರಡೂ ಅಂಕಿಗಳು ಅದರ ಹಿಂದಿನ ಸಮೀಕ್ಷೆಗಿಂತ ಹೆಚ್ಚು. ರಕ್ತಹೀನತೆಗೆ ಜಂತುಹುಳು, ಹೆಚ್ಚಿನ ಹೆರಿಗೆಗಳು ಮುಂತಾದ ಹಲವು ಕಾರಣಗಳುಂಟು. ಊಟ ಅವುಗಳಲ್ಲಿ ಮುಖ್ಯವಾದದ್ದು. ಧಾನ್ಯದ ಚೀಲ ಮನೆಗೆ ಬಂದಿದೆ. ಆದರೆ ಕಾರ್ನಿಷ್ ಕೇಳಿದ ಬೇಳೆ, ತರಕಾರಿಗಳ ಪ್ರಶ್ನೆ ಇನ್ನೂ ಪೂರ್ತಿ ಮುಗಿದಿಲ್ಲ.

ಒಲೆಯ ಲೆಕ್ಕ

ಅಗ್ಗದ ಅಡುಗೆಯ ಮಾತು ಬಂದಾಗ ಉರುವಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಕಲಿಸಿದವನೂ ರಮ್‌ಫರ್ಡ್. ನೀರು ಕುದಿಯಲು ಶುರುವಾದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದರ ಉಷ್ಣತೆ ಏರುವುದಿಲ್ಲ. ಆದ್ದರಿಂದ ಜೋರು ಉರಿಯಲ್ಲಿ ಕೊತಕೊತ ಕುದಿಸಿದರೆ ಕಾಳು ಬೇಗ ಬೇಯುವುದಿಲ್ಲ, ಆವಿ ಹೆಚ್ಚು ಹೋಗುತ್ತದೆ, ಅಷ್ಟೇ. ಒಂದು ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಬಿಂದುವಿಗೆ ಏರಿಸಲು ಸುಮಾರು 75 ಕಿಲೊಕ್ಯಾಲೊರಿ ಸಾಕು. ಅದನ್ನು ಪೂರ್ತಿ ಆವಿಯಾಗಿಸಲು ಬೇಕಾದ ಗುಪ್ತೋಷ್ಣ 540 ಕಿಲೊಕ್ಯಾಲೊರಿ, ಅಂದರೆ ಏಳು ಪಟ್ಟು. ಒಲೆಯ ದಕ್ಷತೆ ಶೇಕಡಾ 60 ಎಂದಿಟ್ಟುಕೊಂಡರೆ ಒಂದು ಲೀಟರ್ ನೀರು ಆವಿಯಾಗಲು ಸುಮಾರು 80 ಗ್ರಾಂ ಅಡುಗೆ ಅನಿಲ ಖರ್ಚು. ದಿನಕ್ಕೆ ಒಂದು ಲೀಟರ್ ಹೀಗೆ ಹೋದರೆ ತಿಂಗಳಿಗೆ ಎರಡೂವರೆ ಕಿಲೊಗ್ರಾಂ. ಸಿಲಿಂಡರಿನಲ್ಲಿರುವುದು 14.2 ಕಿಲೊಗ್ರಾಂ ಮಾತ್ರ ಎಂಬುದನ್ನು ನೆನಪಿಡಿ.

ಹುರುಳಿಯನ್ನು ರಾತ್ರಿ ನೆನೆಸಿಡಿ. ಮುಚ್ಚಳ ಮುಚ್ಚಿ, ಕುದಿ ಬಂದೊಡನೆ ಉರಿ ತಗ್ಗಿಸಿ, ಇಲ್ಲವೆ ಕುಕ್ಕರಿನಲ್ಲಿ ಬೇಯಿಸಿ. ಬೆಂದ ಕಾಳಿನ ನೀರನ್ನು ಚೆಲ್ಲಬೇಡಿ. ನೀರಿನಲ್ಲಿ ಕರಗುವ ಬಿ ಗುಂಪಿನ ವಿಟಮಿನ್‌ಗಳು, ಲವಣಗಳು ಅದರಲ್ಲಿರುತ್ತವೆ. ನಮ್ಮ ಅಡುಗೆಯಲ್ಲಿ ಅದಕ್ಕೊಂದು ಹೆಸರೇ ಇದೆ: ಕಟ್ಟು. ಅದರಿಂದ ಆಗುವುದು ಕಟ್ಟಿನ ಸಾರು.

ನೀವು ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿ ಒಬ್ಬರ ದಿನದ ಪಾಲಿಗೆ ಹೀಗೊಂದು ಅಂದಾಜು ಮಾಡಿ ನೋಡಿ: 300 ಗ್ರಾಂ ಜೋಳ, 60 ಗ್ರಾಂ ಹುರುಳಿ ಅಥವಾ ಮಡಕಿ, 25 ಗ್ರಾಂ ಶೇಂಗಾ, ಎರಡು ಚಮಚ ಅಗಸಿ ಅಥವಾ ಗುರೆಳ್ಳಿನ ಪುಡಿ, ಒಂದು ಹಿಡಿ ಹಸಿ ತಪ್ಪಲು, ಒಂದು ಲೋಟ ಮಜ್ಜಿಗೆ. ಜೋಳದಿಂದ 0.6 ಗ್ರಾಂ, ಕಾಳಿನಿಂದ ಸುಮಾರು 0.9 ಗ್ರಾಂ ಲೈಸಿನ್. ಉಳಿದವು ಸೇರಿ 1.65 ಗ್ರಾಂ ದಾಟುತ್ತದೆ. ಜೋಳದ ಬದಲು ಪಡಿತರದ ಅಕ್ಕಿ ಅಥವಾ ರಾಗಿ ಇದ್ದರೂ ಪಕ್ಕದ ಪದಾರ್ಥಗಳು ಇದೇ ಕೆಲಸ ಮಾಡುತ್ತವೆ. ನೀವು ಉಣ್ಣುವ ಧಾನ್ಯ ಯಾವುದೇ ಇರಲಿ, ಪಕ್ಕದಲ್ಲಿ ಏನಿದೆ ಎಂದು ಮೊದಲು ಕೇಳಿಕೊಳ್ಳಿ.

ಎರಡು ಎಚ್ಚರಿಕೆಗಳು. ಅಗ್ಗವಾದದ್ದೆಲ್ಲ ಒಳ್ಳೆಯದಲ್ಲ. ಮಧ್ಯಭಾರತದಲ್ಲಿ ಕೇಸರಿ ಬೇಳೆಯನ್ನೇ ತಿಂಗಳುಗಟ್ಟಲೆ ಉಂಡ ಬಡ ಕೂಲಿಗಳು ಕಾಲಿನ ಶಕ್ತಿ ಕಳೆದುಕೊಂಡದ್ದು ಹತ್ತೊಂಬತ್ತನೆಯ ಶತಮಾನದಿಂದಲೂ ದಾಖಲಾಗಿದೆ. ಎರಡನೆಯದು, ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನು ತಿನ್ನಬಾರದು. ಗುರುತು ತಿಳಿಯದ ಗಿಡವನ್ನಂತೂ ಮುಟ್ಟಲೇಬಾರದು.

ಗುರುತು ತಿಳಿದವರು ಪ್ರತಿ ಊರಿನಲ್ಲಿ ಈಗಲೂ ಇದ್ದಾರೆ. ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು. ಶಾಲೆಯ ವಿಜ್ಞಾನ ಸಂಘದವರು ಈ ಮಳೆಗಾಲದಲ್ಲಿ ಅವರೊಂದಿಗೆ ಒಂದು ದಿನ ಹೊಲ ಸುತ್ತಿ, ತಿನ್ನುವ ತಪ್ಪಲುಗಳ ಸ್ಥಳೀಯ ಹೆಸರು, ಬೆಳೆಯುವ ಜಾಗ, ಸಿಗುವ ತಿಂಗಳು, ಅಡುಗೆಯ ವಿಧಾನ ಬರೆದುಕೊಳ್ಳಬಹುದು. ಗಿಡವನ್ನು ಒಣಗಿಸಿ ಕಾಗದಕ್ಕೆ ಅಂಟಿಸಿ, ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರಿಂದ ವೈಜ್ಞಾನಿಕ ಹೆಸರು ಕೇಳಿ ಸೇರಿಸಬಹುದು. ಗ್ಯಾಮಿಯ ಪಟ್ಟಿಗೆ ಬರಗಾಲದ ಹೆಸರಿತ್ತು. ನಿಮ್ಮ ಪಟ್ಟಿಗೆ ದಿನದ ಊಟ ಎಂದು ಹೆಸರಿಡಿ.